ಮೈನಸ್ ಗುಣಿಲೆ ಮೈನಸ್

ಜುಲೈ 6, 1996, ಶನಿವಾರ

ಇಂದು ಕುಲಸಚಿವರ ಕಚೇರಿಯಿಂದ ಸುತ್ತೋಲೆಯೊಂದು ಬಂದಿದೆ. ಕಳೆದೆರಡು ವರ್ಷಗಳಲ್ಲಿ ನೇಮಕಗೊಂಡ ಉಪನ್ಯಾಸಕರೆಲ್ಲರೂ ದೀಪಾವಳಿಯವರೆಗೆ ಪ್ರತಿ ಶನಿವಾರ ಬೋಧನಾ ತರಬೇತಿಗೆ ಹಾಜರಾಗತಕ್ಕದ್ದು. ವಾರದ ಉಳಿದ ದಿನಗಳಲ್ಲಿ ತರಗತಿಗಳು ಎಂದಿನಂತೆ ನಡೆಯತಕ್ಕದ್ದು. ತರಬೇತಿ ಪೂರೈಸದವರ ನೌಕರಿ ಕಾಯಂ ಆಗುವುದಿಲ್ಲ.

ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಪುಣೆಯಲ್ಲಿ ಚಿನ್ನದ ಪದಕ ಪಡೆದು, ಇಪ್ಪತ್ತಾರನೆಯ ವಯಸ್ಸಿಗೆ ಗಣಿತದಲ್ಲಿ ಡಾಕ್ಟರೇಟು ಮುಗಿಸಿ, ಸ್ನಾತಕೋತ್ತರ ವಿಭಾಗದಲ್ಲಿ ಉಪನ್ಯಾಸಕನಾಗಿರುವ ನನಗೆ ಇನ್ನು ಹಲಗೆಯ ಮುಂದೆ ಖಡು ಹಿಡಿಯುವುದು ಹೇಗೆಂದು ಕಲಿಸುತ್ತಾರಂತೆ.

ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿದೆ. ಅಪ್ಪ ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಈ ಭಾಗದಲ್ಲಿ ಗೋಪಾಲ ಮಾಸ್ತರ ಎಂದರೆ ಹಳಬರಿಗೆ ಗೊತ್ತು. "ಛಲೋ ಆತು ಬಿಡು. ನಮಗೂ ಒಂದು ವರ್ಷ ಕಲಿಸಿದ್ರು," ಎಂದರು.

"ಹೈಸ್ಕೂಲಿನ ಮಾತು ಬ್ಯಾರೆ, ಅಪ್ಪಾ," ಎಂದೆ.

ಅವರು ಅನ್ನ ಕಲಸತೊಡಗಿದರು. ನಾನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹತ್ತನೆಯ ತರಗತಿಗೇ ನಾನು ಅವರ ಗಣಿತವನ್ನು ದಾಟಿ ಮುಂದೆ ಹೋಗಿದ್ದೆ. ನನ್ನ ಹೆತ್ತ ಆಯಿಗೆ ಒಂದೇ ಚಿಂತೆ: "ಶನಿವಾರ ಉಪವಾಸ ಇರ್ತದ. ಡಬ್ಬಿಗೆ ಏನ್ ಕಟ್ಟಲಿ?"

ಜುಲೈ 13, ಶನಿವಾರ

ಮೊದಲನೆಯ ದಿನ. ನಾವು ಹನ್ನೆರಡು ಮಂದಿ ಇದ್ದೇವೆ. ತರಬೇತಿ ನಡೆಸುವವರು ಪುತಳಾಬಾಯಿ ಮೇಡಂ, ಬಿ.ಎಡ್. ಕಾಲೇಜಿನಲ್ಲಿ ಪ್ರಾಚಾರ್ಯರಾಗಿ ನಿವೃತ್ತರಾದವರು. ದವಡೆಯಲ್ಲಿ ಸದಾ ಒಂದು ಲವಂಗ. ಮಾತು ಬಹಳ ಕಡಿಮೆ.

ಭಾಷಣ ಮಾಡುತ್ತಾರೆಂದುಕೊಂಡಿದ್ದೆ. ಮಾಡಲಿಲ್ಲ. "ನಿಮಗ ಏನರ ಒಂದು ತಿಳೀಲಿಲ್ಲ ಅಂತ ಕೊನೀ ಸಲ ಅನಸಿದ್ದು ಯಾವಾಗ? ಒಬ್ಬೊಬ್ಬರು ಹೇಳ್ರಿ," ಎಂದರು.

ಸಮಾಜಶಾಸ್ತ್ರದ ಅನ್ನಮ್ಮ ಎನ್ನುವವರು ಎದ್ದು, "ನಿನ್ನಿ ಸಂಜೀಕ ರೀ. ಮಗನ ವಿಡಿಯೋ ಗೇಮ್ ಹೆಂಗ ಆಡೂದಂತ ನನಗ ತಿಳೀಲಿಲ್ಲ. ಅಂವಗ ಹೇಳಾಕೂ ಬರಲಿಲ್ಲ," ಎಂದರು. ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ ಪ್ರಾಮಾಣಿಕವಾಗಿ ನೆನಪಿಸಿಕೊಂಡೆ. "ಹಾಗೆ ಯಾವುದೂ ನೆನಪಿಗೆ ಬರುತ್ತಿಲ್ಲ," ಎಂದೆ. ಇದಕ್ಕೂ ನಕ್ಕರು. ಏಕೆಂದು ತಿಳಿಯಲಿಲ್ಲ.

ಇಬ್ಬಿಬ್ಬರ ಜೋಡಿ ಮಾಡಿದ್ದಾರೆ. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕು. ನನ್ನ ಜೋಡಿ ಅನ್ನಮ್ಮ. ಕೋಟನೂರಿನ ಒಕ್ಕಲುತನದ ಮನೆಯವರು, ವಯಸ್ಸಿನಲ್ಲಿ ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರಿಗೆ ನನ್ನ ಪಾಠದಿಂದ ಏನು ಪ್ರಯೋಜನವೋ ದೇವರೇ ಬಲ್ಲ.

ಜುಲೈ 24, ಬುಧವಾರ

ಅನ್ನಮ್ಮ ಇಂದು ನನ್ನ ಎಂ.ಎಸ್ಸಿ. ತರಗತಿಗೆ ಬಂದರು. ಪಾಠ ಅತ್ಯುತ್ತಮವಾಗಿ ನಡೆಯಿತು. ಮೂರು ಪ್ರಮೇಯಗಳು, ಮೂರರ ಸಾಧನೆಗಳು. ಫ್ಯಾನು ತಿರುಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಯಲ್ಲಿ ಸಂಶಯಗಳಿವೆಯೇ ಎಂದು ಕೇಳಿದೆ. ಒಬ್ಬರಿಗೂ ಒಂದೂ ಇರಲಿಲ್ಲ.

ಆಮೇಲೆ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಅವರ ಅಭಿಪ್ರಾಯ ಕೇಳಿದೆ.

"ನಿಮ್ಮ ಅಕ್ಷರ ಭಾಳ ಛಂದ ಅವ್ರೀ ಸರ್."

"ಮತ್ತ?"

"ನಿಮ್ಮ ಅಂಗಿ ಬೆನ್ನಿಗೆ ಎಡಗಡೆ ಒಂದು ಹೊಲಿಗಿ ಬಿಚ್ಚ್ಯಾದ. ಮುಕ್ಕಾಲು ತಾಸು ಅದನ್ನ ನೋಡೀನಿ."

ಮನೆಗೆ ಬಂದು ನೋಡಿದರೆ ನಿಜ. ಆಯಿಗೆ ಕೊಟ್ಟೆ, ಹೊಲಿದಳು. ಪಾಠ ಬಿಟ್ಟು ಅಂಗಿ ನೋಡಿದ್ದಾರೆ. ಗಣಿತ ಬಾರದವರಿಗೆ ಬೇರೇನು ಕಂಡೀತು.

ಜುಲೈ 31, ಬುಧವಾರ

ಅನ್ನಮ್ಮನವರ ತರಗತಿಗೆ ಹೋಗಿದ್ದೆ. ಗದ್ದಲ. ಅವಿಭಕ್ತ ಕುಟುಂಬದ ವಿಷಯ. ಇವರು ಒಂದು ಪ್ರಶ್ನೆ ಹಾಕಿ ಕಿಟಕಿಯ ಬಳಿ ನಿಂತರು, ಹುಡುಗ ಹುಡುಗಿಯರು ತಾಸಿಡೀ ತಮ್ಮ ತಮ್ಮ ಮನೆಯ ಅತ್ತೆ ಮಾವಂದಿರ ಕಥೆ ಹೇಳಿಕೊಂಡು ಜಗಳಾಡಿದರು. ಎರಡು ಪುಟವೂ ಮುಗಿಯಲಿಲ್ಲ. ಪಾಪ, ಹೆಣ್ಣುಮಗಳು, ಅಂಕೆಯಲ್ಲಿಡಲು ಆಗುವುದಿಲ್ಲ. ವರದಿಯಲ್ಲಿ ಸೌಮ್ಯವಾಗಿ ಬರೆದೆ.

ಆಗಸ್ಟ್ 10, ಶನಿವಾರ

ಇವತ್ತಿನದನ್ನು ಬರೆಯದೆ ಮಲಗಿಬಿಡೋಣ ಎನಿಸಿತ್ತು.

ಕಳೆದ ವಾರ ಎಲ್ಲರ ಪಾಠಗಳನ್ನೂ ವಿಡಿಯೋ ಮಾಡಿದ್ದರು. ಇವತ್ತು ಟಿ.ವಿ.ಯಲ್ಲಿ ಹಚ್ಚಿ ತೋರಿಸಿದರು. ಯಂತ್ರ ನಡೆಸುವವರು ಅಲ್ಲಾವುದ್ದೀನ್. ಮೊದಲು ನನ್ನದೇ ಟೇಪು.

ಪರದೆಯ ಮೇಲೆ ಒಂದು ಬೆನ್ನು. ಅದು ಎಡಕ್ಕೆ ಹೋಗುತ್ತದೆ, ಬಲಕ್ಕೆ ಬರುತ್ತದೆ, ಹಲಗೆಗೆ ಏನೋ ಹೇಳುತ್ತದೆ. ಕ್ಯಾಮರಾ ಒಮ್ಮೆ ವಿದ್ಯಾರ್ಥಿಗಳತ್ತ ತಿರುಗಿತು. ಎರಡನೆಯ ಸಾಲಿನ ಚಂದ್ರಶಾ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದ. ಅವನ ಪಕ್ಕದವ ಅಂಗೈ ಮೇಲೆ ಪೆನ್ನಿನಿಂದ ವಾಚು ಬರೆದುಕೊಳ್ಳುತ್ತಿದ್ದ. ಕೊನೆಯಲ್ಲಿ ಬೆನ್ನು ಈಚೆ ತಿರುಗಿ "ಸಂಶಯಗಳಿವೆಯೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಡಸ್ಟರು ತೆಗೆದುಕೊಂಡು ಹೊರಟುಹೋಯಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಮೇಡಂ ಲವಂಗ ಆಚೆ ದವಡೆಗೆ ಸರಿಸಿ, "ಮುಂದಿನದು ಹಚ್ಚ್ರಿ," ಎಂದರು.

ಆಗಸ್ಟ್ 13, ಮಂಗಳವಾರ

ವಿಭಾಗದ ಮುಖ್ಯಸ್ಥರು ಕರೆದಿದ್ದರು. ನನ್ನ ವಿದ್ಯಾರ್ಥಿಗಳು ಅವರ ಬಳಿ ಹೋಗಿ, ನಾನು ಕಲಿಸುವ ಪತ್ರಿಕೆಯನ್ನು ಬೇರೆಯವರಿಗೆ ಕೊಡಿ ಎಂದು ಕೇಳಿದ್ದಾರೆ. ತರಬೇತಿ ಮುಗಿಯಲಿ, ಆಮೇಲೆ ನೋಡೋಣ ಎಂದರಂತೆ.

ಮನೆಯಲ್ಲಿ ಹೇಳಿಲ್ಲ.

ಆಗಸ್ಟ್ 31, ಶನಿವಾರ

ಮುಂದಿನ ಶನಿವಾರದಿಂದ ಪ್ರತಿ ಜೋಡಿಯೂ ಒಂದೊಂದು ಹೈಸ್ಕೂಲಿಗೆ ಹೋಗಿ ಕಲಿಸಬೇಕಂತೆ. ನಮಗೆ ಕಮಲಾಪುರ. ಎಂ.ಎಸ್ಸಿ.ಗೆ ಕಲಿಸುವವರನ್ನು ಎಂಟನೆಯ ತರಗತಿಗೆ ಕಳಿಸುವುದರ ಅರ್ಥವೇನೆಂದು ಕೇಳಿದೆ.

"ನಿಮ್ಮ ಎಂ.ಎಸ್ಸಿ. ಹುಡುಗ್ರು ನಿಮಗ ಅಂಜತಾರ," ಎಂದರು ಪುತಳಾಬಾಯಿ ಮೇಡಂ. "ಅಂಜದವ್ರಿಗೆ ಒಂದೀಟು ಕಲಸ್ರಿ."

ಕಮಲಾಪುರ ಎಂದೊಡನೆ ಅಪ್ಪ ಪೇಪರು ಕೆಳಗಿಟ್ಟರು. ನಾನು ಹುಟ್ಟುವ ಮುಂಚಿನಿಂದ ಅವರು ಅಲ್ಲಿ ಮಾಸ್ತರರಾಗಿದ್ದರು. ನನಗೆ ಎರಡು ವರ್ಷವಾದಾಗ ವರ್ಗವಾಯಿತು. "ಈಗ ಹೆಡ್‌ಮಾಸ್ತರ ಮಲ್ಕಪ್ಪ ಇದ್ದಾನಂತ. ನನ್ನ ಕೈಯಾಗ ಕಲಿತಂವ," ಎಂದರು. ಇನ್ನೂ ಹೇಳುವವರಿದ್ದರು. ನಾನು ಎದ್ದು ಒಳಗೆ ಬಂದೆ.

ಸೆಪ್ಟೆಂಬರ್ 7, ಶನಿವಾರ

ಬೆಳಗಿನ ಬಸ್ಸಿಗೆ ಕಮಲಾಪುರ. ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎಲ್ಲೆಡೆ ಕೆಂಪು ಬಾಳೆಗೊನೆಗಳು. ಮಲ್ಕಪ್ಪನವರು ಬಾಗಿಲಿಗೇ ಬಂದು ಕರೆದೊಯ್ದರು. "ಗೋಪಾಲ ಮಾಸ್ತರ ಮಗ ಅಂದ್ರ ನಮಗ ಮನೀ ಮಗ ಇದ್ದಂಗ," ಎಂದರು. ನಾನು ಡಾಕ್ಟರೇಟು ಮಾಡಿದ್ದರ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಎಂಟನೆಯ ತರಗತಿ, ಋಣ ಸಂಖ್ಯೆಗಳ ಗುಣಾಕಾರ. ಹತ್ತು ನಿಮಿಷದ ಕೆಲಸ ಎಂದುಕೊಂಡು ಹೋಗಿದ್ದೆ. ಮೈನಸ್ ಗುಣಿಲೆ ಪ್ಲಸ್ ಅಂದರೆ ಮೈನಸ್, ಮೈನಸ್ ಗುಣಿಲೆ ಮೈನಸ್ ಅಂದರೆ ಪ್ಲಸ್ ಎಂದು ಬರೆದೆ. ಎಲ್ಲರೂ ಬರೆದುಕೊಂಡರು. ಹುಡುಗಿಯರ ಕಡೆಯಿಂದ ಒಂದು ಕೈ ಮೇಲೆ ಬಂತು. ಜೈನಾಬಿ ಅಂತ ಹೆಸರು.

"ಸರ್, ಯಾಕ್ರೀ?"

"ಏನು ಯಾಕ?"

"ಎರಡು ಮೈನಸ್ ಗುಣಿಸಿದ್ರ ಪ್ಲಸ್ ಯಾಕ ಆಗ್ತದ್ರೀ?"

"ಅದು ನಿಯಮ."

"ಯಾರ ಮಾಡ್ಯಾರ್ರೀ?"

ಉದ್ಧಟತನ ಅನ್ನೋಣವೆಂದರೆ ಮುಖದಲ್ಲಿ ಅದಿರಲಿಲ್ಲ. ಅವಳಿಗೆ ನಿಜವಾಗಿಯೂ ಬೇಕಾಗಿತ್ತು. ಮುಂದಿನ ವಾರ ಹೇಳುತ್ತೇನೆ ಎಂದೆ. ಹಿಂದಿನ ಬೆಂಚಿನಲ್ಲಿ ಅನ್ನಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದರು. ನಗು ತಡೆಯಲು ಹಾಗೆ ನೋಡುತ್ತಿದ್ದರೆಂದು ನನಗೆ ಗೊತ್ತು.

ಸೆಪ್ಟೆಂಬರ್ 8, ರವಿವಾರ

ಬೀಜಗಣಿತದ ಮೂಲ ನಿಯಮಗಳಿಂದ ಇದನ್ನು ಐದು ಸಾಲಿನಲ್ಲಿ ಸಾಧಿಸಬಹುದು. ಆದರೆ ಆ ಐದು ಸಾಲನ್ನು ಎಂಟನೆಯ ತರಗತಿಯ ಹುಡುಗಿಗೆ ಹೇಗೆ ಹೇಳುವುದು? ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕೂತಿದ್ದಾಗ ಕೇಳಿದೆ.

"ಅಪ್ಪಾ, ಮೈನಸ್ ಗುಣಿಲೆ ಮೈನಸ್ ಪ್ಲಸ್ ಯಾಕಾಗ್ತದ ಅಂತ ನೀವು ಹುಡುಗ್ರಿಗೆ ಹೆಂಗ ಹೇಳ್ತಿದ್ರಿ?"

"ಹೇಳ್ತಿರಲಿಲ್ಲ."

"ಯಾರರ ಕೇಳಿದ್ರ?"

"ಛಡಿ ತೋರಸ್ತಿದ್ದೆ." ಎಂದು ರಸ್ತೆಯತ್ತ ತಿರುಗಿದರು. "ನನಗೂ ಗೊತ್ತಿರಲಿಲ್ಲೋ ಮುಕುಂದಾ. ವರ್ಷಾ ವರ್ಷಾ ಆ ಪಾಠ ಬಂದ ಕೂಡಲೆ, ಈ ಸಲ ಯಾರೂ ಕೇಳದೆ ಇರ್ಲಪಾ ದೇವರೇ ಅನಕೋತ ಸಾಲಿಗೆ ಹೋಗ್ತಿದ್ದೆ."

ಅಪ್ಪನಿಗೆ ಗೊತ್ತಿಲ್ಲದ್ದು ಇರುತ್ತದೆ ಎಂದು ನನಗೆ ತಿಳಿದೇ ಇತ್ತು. ಆದರೆ ಅದು ಅವರಿಗೂ ತಿಳಿದಿತ್ತು ಎನ್ನುವುದು ಹೊಳೆದಿರಲಿಲ್ಲ.

ಪಂಚಾಂಗದ ಹಿಂದಿನ ಖಾಲಿ ಹಾಳೆಯ ಮೇಲೆ ಐದು ಸಾಲಿನ ಸಾಧನೆ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು. "ನೀ ಹೇಳೂದು ತಪ್ಪಿಲ್ಲ. ಆದ್ರ ಒಳಗ ಇಳೀವಲ್ದು," ಎಂದರು. ಮತ್ತೊಂದು ದಾರಿ ನೋಡಿದೆವು, ಅದೂ ಇಳಿಯಲಿಲ್ಲ. ಆಯಿ ಎರಡು ಸಲ ಊಟಕ್ಕೆ ಕರೆದು, ಮೂರನೆಯ ಸಲ ಬಂದು ಪಂಚಾಂಗ ಕಸಿದುಕೊಂಡು ಹೋದಳು. "ಏಕಾದಶಿ ಯಾವತ್ತಂತ ಇನ್ನ ನಿಮ್ಮ ಲೆಕ್ಕದಾಗ ಹುಡಕಲೇನು?"

ಸೆಪ್ಟೆಂಬರ್ 14, ಶನಿವಾರ

ಐದು ಸಾಲನ್ನು ಹತ್ತು ಸಾಲು ಮಾಡಿ, ಎಳೆ ಎಳೆಯಾಗಿ ಬಿಡಿಸಿ ಹೇಳಿದೆ. ಈ ಸಲ ಹಲಗೆಯ ಪಕ್ಕಕ್ಕೆ ಓರೆಯಾಗಿ ನಿಂತು ಬರೆದೆ, ಕುತ್ತಿಗೆ ನೋವು ಬಂತು. ಮುಗಿದ ಮೇಲೆ ಜೈನಾಬಿಯನ್ನು ನೋಡಿದೆ.

"ಲೆಕ್ಕ ಬರಾಬರಿ ಬಂತ್ರೀ ಸರ್," ಅಂದಳು. "ಖರೇ ಅನಸವಲ್ದು."

ಬಸ್ಸಿನಲ್ಲಿ ಅನ್ನಮ್ಮ ಕೆಂಪು ಬಾಳೆಹಣ್ಣು ಸುಲಿದು ಕೊಟ್ಟರು. ಉಪವಾಸಕ್ಕೆ ಹಣ್ಣು ನಡೆಯುತ್ತದೆ. ಎರಡು ತಿಂದೆ.

ಸೆಪ್ಟೆಂಬರ್ 21, ಶನಿವಾರ

ಕಿರುಪರೀಕ್ಷೆ ಮಾಡಿದ್ದರು. ಹತ್ತೂ ಮೈನಸ್ ಗುಣಿಲೆ ಮೈನಸ್ ಲೆಕ್ಕಗಳೇ. ಜೈನಾಬಿ ಎಲ್ಲ ಉತ್ತರಗಳಿಗೂ ದಪ್ಪಗೆ ಮೈನಸ್ ಹಾಕಿದ್ದಾಳೆ. ಮಲ್ಕಪ್ಪನವರು ನನ್ನನ್ನು ಕೋಣೆಗೆ ಕರೆದರು.

"ಸರ್, ಈ ಹುಡುಗಿ ಹೋದ ವರ್ಷ ಮೊದಲ ನಂಬರ್. ನೀವು ಬಂದ ಮ್ಯಾಲ ಸೊನ್ನಿ ತಗೊಂಡಾಳ. ಮುಂದ ಅರ್ಧವಾರ್ಷಿಕ ಪರೀಕ್ಷೆ ಅದ. ಆಕಿ ತಲಿಯಾಗ ಹುಳಾ ಬಿಟ್ಟೀರಿ, ನೀವೇ ತೆಗೀರಿ. ಇಲ್ಲಂದ್ರ ನಾ ಮೇಡಂ ಅವರಿಗೆ ಹೇಳಿ ಬ್ಯಾರೆಯವರ್ನ ಕರಸೂದೇ."

ಜೈನಾಬಿಯನ್ನು ವರಾಂಡದಲ್ಲಿ ನಿಲ್ಲಿಸಿ ಕೇಳಿದೆ. "ಉತ್ತರ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರೀ."

"ಮತ್ತ ತಪ್ಪು ಯಾಕ ಬರದಿ?"

"ನನಗ ಖರೇ ಅನಸಿದ್ದು ಬರದೀನ್ರೀ."

ಅವಳ ತಾಯಿ ಮೆಹಬೂಬಿ ಬಸ್‌ಸ್ಟ್ಯಾಂಡಿನಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂಡುತ್ತಾಳೆ. ನಮ್ಮನ್ನು ನೋಡಿ ಕರೆದಳು. "ಸಾಬ್, ಏನ್ ಕಲಿಸೀರಿ ನನ್ನ ಮಗಳಿಗೆ? ರೊಟ್ಟಿ ಬಡಿಯೂವಾಗೂ ಮೈನಸ್ ಮೈನಸ್ ಅಂತಾಳ. ಸುಟ್ಟ ರೊಟ್ಟಿ ತಿಂದು ಸಾಕಾಗ್ಯಾದ."

ಬಸ್ಸಿನಲ್ಲಿ ಅನ್ನಮ್ಮ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಜನ್ಮದಲ್ಲಿ ನಾನು ಗೊತ್ತಿದ್ದೂ ಗೊತ್ತಿದ್ದೂ ಒಂದು ಮಾರ್ಕು ಬಿಟ್ಟಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಕ್ಯಾಂಟೀನಿನಲ್ಲಿ ಅನ್ನಮ್ಮ ಕೇಳಿದರು: "ಆಕೀಗೆ ಏನ್ ಅನಸ್ತದ ಅಂತ ಕೇಳೀರೇನ್ರೀ?"

"ಕೇಳೂದೇನದ? ಆಕಿ ತಪ್ಪು ಅಂತ ಗೊತ್ತದಲ್ಲ."

ಅವರು ಚಹಾಕ್ಕೆ ಸಕ್ಕರೆ ಹಾಕಿಕೊಂಡರು, ಕಲಕಿದರು, ಕುಡಿದರು.

ನಾಳೆ ಅವರ ಕ್ಲಾಸಿನಲ್ಲಿ ಇನ್ನೊಮ್ಮೆ ಕೂಡುತ್ತೇನೆ. ವಿಶೇಷವೇನಿಲ್ಲ, ಆ ತಾಸು ಖಾಲಿ ಇದೆ.

ಸೆಪ್ಟೆಂಬರ್ 28, ಶನಿವಾರ

ಇವತ್ತು ಪಾಠ ಆಗಲಿಲ್ಲ. ಒಂದು ಪ್ರಶ್ನೆ ಕೇಳಿ ಕಿಟಕಿ ಹತ್ತಿರ ನಿಂತೆ, ಅಷ್ಟೆ.

"ಜೈನಾಬಿ, ಮೈನಸ್ ಗುಣಿಲೆ ಮೈನಸ್ ಏನಾಗಬೇಕಂತ ನಿನಗನಸ್ತದ? ಯಾಕ?"

ಎದ್ದು ನಿಂತಳು. "ಮೈನಸ್ ಎರಡಕ್ಕ ಮೈನಸ್ ಮೂರು ಕೂಡಿಸಿದ್ರ ಮೈನಸ್ ಐದು ಆಗ್ತದಲ್ರೀ. ಕೆಟ್ಟದಕ್ಕ ಕೆಟ್ಟದ್ದು ಸೇರಿದ್ರ ಇನ್ನಷ್ಟು ಕೆಟ್ಟ ಆಗ್ತದ. ಗುಣಿಸಿದ್ರ ಅದಕಿಂತ ಜಾಸ್ತಿ ಕೆಟ್ಟ ಆಗಬೇಕಲ್ರೀ? ಒಮ್ಮಿಗಿಲೆ ಛಲೋ ಹೆಂಗಾಗ್ತದ?"

ಕೂಡಿಸುವ ಲೆಕ್ಕಕ್ಕೆ ಅವಳು ಹೇಳಿದ್ದು ಪೂರ್ತಿ ಸರಿ. ಅವಳು ದಡ್ಡಿಯೂ ಅಲ್ಲ, ಹಟಮಾರಿಯೂ ಅಲ್ಲ. ಸರಿಯಾದದ್ದನ್ನು ಹಿಡಿದುಕೊಂಡು ಒಂದು ಹೆಜ್ಜೆ ಹೆಚ್ಚು ನಡೆದಿದ್ದಾಳೆ. ನಾನು ಮೂರು ವಾರ ಅವಳು ನಿಲ್ಲದ ಜಾಗದಲ್ಲಿ ಅವಳನ್ನು ಹುಡುಕುತ್ತಿದ್ದೆ.

ಅಷ್ಟರಲ್ಲಿ ಹುಡುಗರ ಕಡೆಯಿಂದ ಒಬ್ಬ, ಗುಣಿಸೂದಂದ್ರ ಕೂಡಿಸೂದಲ್ಲ ಅಂದ. ಇನ್ನೊಬ್ಬ, ಮೈನಸ್ ಅಂದ್ರ ಕೆಟ್ಟದ್ದಲ್ಲ, ಉಲ್ಟಾ ಅಂದ. ಜಗಳ ಬಿತ್ತು. ಪಕ್ಕದ ಕ್ಲಾಸಿನ ಮಾಸ್ತರರು ಬಂದು ಇಣುಕಿ, ನನ್ನನ್ನು ನೋಡಿ ಹೋದರು. ಗಂಟೆ ಹೊಡೆದದ್ದೇ ತಿಳಿಯಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. "ಉಲ್ಟಾ ಅಂದಂವ ಯಾವಂವ?" ಎಂದು ಕೇಳಿದರು. ಹೆಸರು ಗೊತ್ತಿಲ್ಲ ಎಂದೆ. "ಕೇಳ್ಕೋಬೇಕಾಗಿತ್ತು," ಎಂದರು. ಮುಂದಿನ ಸಲ ಎಲ್ಲರ ಹೆಸರೂ ಕೇಳಿಕೊಳ್ಳಬೇಕು.

ಅಕ್ಟೋಬರ್ 3, ಗುರುವಾರ

ಬಹಳ ಖುಷಿಯ ದಿನ. ಕ್ರಮವಾಗಿ ಬರೆಯಬೇಕು.

ಅಲ್ಲಾವುದ್ದೀನ್ ಬಂದು ನನ್ನ ಎಂ.ಎಸ್ಸಿ. ಕ್ಲಾಸನ್ನು ಎರಡನೆಯ ಸಲ ವಿಡಿಯೋ ಮಾಡಿದ್ದರು. ಮಧ್ಯಾಹ್ನ ನಾನೂ ಅನ್ನಮ್ಮನೂ ಅದನ್ನು ನೋಡಲು ಹೋದೆವು. ನೋಡಿದೆವು. ಬೆನ್ನು ಮೊದಲಿಗಿಂತ ಕಡಿಮೆ. ಚಂದ್ರಶಾ ಏನೋ ಕೇಳಿದ್ದಾನೆ. ಉತ್ತರ ಹೇಳುತ್ತ ನಾನು ಅವನ ಮುಖ ನೋಡಿಕೊಂಡೇ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕಿ ಹಲಗೆಯ ತನಕ ಹೋಗಿದ್ದೇನೆ.

ಮುಗಿದ ಮೇಲೆ ಅಲ್ಲಾವುದ್ದೀನ್ ಚಿತ್ರ ಹಾಗೇ ಬಿಟ್ಟು ಟೇಪನ್ನು ಹಿಂದಕ್ಕೆ ತಿರುಗಿಸಿದರು. ನಾನು ಸುಮ್ಮನೆ ನೋಡುತ್ತಿದ್ದೆ. ಆ ಜಾಗ ಬಂತು. ಹಿಂದಕ್ಕೆ ನಡೆದ ಮುಕುಂದ, ಟೇಪು ಹಿಂದಕ್ಕೆ ತಿರುಗಿದ್ದರಿಂದ, ಹಲಗೆಯಿಂದ ಮುಂದಕ್ಕೆ ನಡೆದು ಬಂದ.

"ಅಲ್ಲಾವುದ್ದೀನ್, ಇನ್ನೊಮ್ಮೆ ತಿರುಗಿಸ್ರಿ."

ತಿರುಗಿಸಿದರು. ಮತ್ತೆ ಕೇಳಿದೆ. ಐದಾರು ಸಲ ಆದ ಮೇಲೆ, "ಟೇಪು ಹರೀತದ್ರೀ ಸರ್," ಎಂದರು. ಹಿಂದಕ್ಕೆ ನಡೆಯುವುದು ಒಂದು ಮೈನಸ್. ಟೇಪು ಹಿಂದಕ್ಕೆ ಓಡುವುದು ಇನ್ನೊಂದು ಮೈನಸ್. ಒಂದರ ಮೇಲೊಂದು ಬಿದ್ದರೆ ಮನುಷ್ಯ ಮುಂದಕ್ಕೆ ಬರುತ್ತಾನೆ. ಅನ್ನಮ್ಮನ ಕಡೆ ತಿರುಗಿದೆ. ನಾನು ಬಾಯಿ ತೆಗೆಯುವ ಮೊದಲೇ ಅವರು ಸೆರಗು ಸೊಂಟಕ್ಕೆ ಸಿಗಿಸಿ, "ನಡೀರಿ, ಹೊಸಾ ಟೇಪು ಮಾಡೋಣು," ಎಂದರು.

ಸಂಜೆಯವರೆಗೆ ವರಾಂಡದಲ್ಲಿ ನಡೆದೆವು. ಮುಂದಕ್ಕೆ ಒಂದು ಸಲ, ಹಿಂದಕ್ಕೆ ಒಂದು ಸಲ. ಅನ್ನಮ್ಮ ಹಿಂದೆ ನಡೆಯುತ್ತ ಕುಂಡಕ್ಕೆ ಎಡವಿದರು; ಅದೂ ಟೇಪಿನಲ್ಲಿದೆ. ಅದೇ ಹೊತ್ತಿಗೆ ನಮ್ಮ ವಿಭಾಗದ ಮುಖ್ಯಸ್ಥರು ಬಂದರು. ಇಬ್ಬರು ಉಪನ್ಯಾಸಕರು ಹಿಂದಕ್ಕೆ ಹಿಂದಕ್ಕೆ ನಡೆಯುವುದನ್ನು ನಿಂತು ನೋಡಿದರು.

"ತರಬೇತಿ ರೀ ಸರ್," ಎಂದರು ಅನ್ನಮ್ಮ.

"ಹೌದೇನು," ಎಂದು ಅವರು ಹೋದರು.

ಪುತಳಾಬಾಯಿ ಮೇಡಂ ಅವರ ಹತ್ತಿರ ಟಿ.ವಿ., ವಿ.ಸಿ.ಆರ್., ಮತ್ತು ಜೀಪು ಕೇಳಿದೆ. ಏಕೆಂದು ಕೇಳಲಿಲ್ಲ. "ಟಿ.ವಿ. ಹಗ್ಗದಿಂದ ಬಿಗೀ ಕಟ್ಟ್ರಿ, ಹಾದಿ ಛಲೋ ಇಲ್ಲ," ಎಂದರು.

ಅಕ್ಟೋಬರ್ 5, ಶನಿವಾರ

ಜೀಪಿನಲ್ಲಿ ಅಪ್ಪನೂ ಬಂದರು. ಕೇಳಿಕೊಂಡು ಬರಲಿಲ್ಲ, ನಾನು ಹೊರಗೆ ಬರುವಷ್ಟರಲ್ಲಿ ಇಸ್ತ್ರಿ ಮಾಡಿದ ಧೋತರ ಉಟ್ಟು ಹಿಂದಿನ ಸೀಟಿನಲ್ಲಿ ವಿ.ಸಿ.ಆರ್. ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಮಲಾಪುರದ ತನಕ ಅದನ್ನು ಯಾರಿಗೂ ಕೊಡಲಿಲ್ಲ.

ಸಾಲಿಯಲ್ಲಿ ಟಿ.ವಿ. ಬಂದ ಸುದ್ದಿಗೆ ಬೇರೆ ಕ್ಲಾಸಿನವರೂ ಕಿಟಕಿಗಳಿಗೆ ಜೋತುಬಿದ್ದಿದ್ದರು. ಅಪ್ಪ, ಮಲ್ಕಪ್ಪ, ಅನ್ನಮ್ಮ ಹಿಂದಿನ ಬೆಂಚು. ನಾನು ಟೇಪು ಹಚ್ಚಿದೆ. ಪರದೆಯ ಮೇಲೆ ಅನ್ನಮ್ಮ ಬಾಗಿಲ ಕಡೆ ಮುಂದಕ್ಕೆ ನಡೆದರು: ಪ್ಲಸ್. ಹಿಂದಕ್ಕೆ ನಡೆದರು: ಮೈನಸ್. ಮುಂದಕ್ಕೆ ನಡೆದ ಟೇಪನ್ನು ಉಲ್ಟಾ ತಿರುಗಿಸಿದೆ; ಬಾಗಿಲಿಂದ ದೂರ ಸರಿದರು: ಮೈನಸ್. ಕುಂಡಕ್ಕೆ ಎಡವಿದ್ದಕ್ಕೆ ದೊಡ್ಡ ನಗೆ.

ಆಮೇಲೆ ಯಂತ್ರ ನಿಲ್ಲಿಸಿದೆ. "ಈಗ ಮೇಡಂ ಹಿಂದಕ್ಕೆ ನಡದಾರ. ನಾ ಟೇಪು ಉಲ್ಟಾ ತಿರುಗಸ್ತೀನಿ. ಯಾ ಕಡೆ ಹೋಗ್ತಾರ?"

ಅರ್ಧ ಮಂದಿ ಹಿಂದೆ ಅಂದರು, ಅರ್ಧ ಮುಂದೆ ಅಂದರು. ಜೈನಾಬಿ ಎರಡು ಬೆರಳನ್ನು ಬೆಂಚಿನ ಮೇಲೆ ಆ ಕಡೆ ಈ ಕಡೆ ನಡೆಸುತ್ತಿದ್ದಳು. ನಾನು ಕಾದೆ. ಕೊನೆಗೆ, "ಬಾಗಿಲ ಕಡೆ ರೀ," ಅಂದಳು. ಟೇಪು ತಿರುಗಿಸಿದೆ. ಅನ್ನಮ್ಮ ಬಾಗಿಲ ಕಡೆ ನಡೆದರು.

ಆ ಗದ್ದಲ ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು.

ಜೈನಾಬಿಯ ಕೈ ಮತ್ತೆ ಮೇಲೆ ಬಂತು. "ಆದ್ರ ಸರ್, ಮೇಡಂ ಖರೇ ಅಂದ್ರ ಮುಂದ ಹೋಗಿಲ್ಲಲ್ರೀ. ಹೋದಂಗ ಕಾಣಸ್ತದ, ಅಷ್ಟ. ಸೆರಗು ನೋಡಿದ್ರ ಗೊತ್ತಾಗ್ತದ."

ಈ ಪ್ರಶ್ನೆ ನಾನು ನಿರೀಕ್ಷಿಸಿರಲಿಲ್ಲ. ಮೇಜಿನ ತುದಿಗೆ ಕೂತು ಯೋಚಿಸಿದೆ. ಇಡೀ ಕ್ಲಾಸು ನಾನು ಯೋಚಿಸುವುದನ್ನು ನೋಡುತ್ತ ಕೂತಿತ್ತು.

"ನೀ ಹೇಳೂದು ಖರೇ," ಎಂದೆ. "ಸೆರಗು ಹೆಂಗ ಹಾರಿತು ಅಂತ ಲೆಕ್ಕ ನೋಡಂಗಿಲ್ಲ. ಎಲ್ಲಿಂದ ಹೊಂಟ್ರು, ಎಲ್ಲಿ ಮುಟ್ಟಿದ್ರು, ಇಷ್ಟೇ ನೋಡ್ತದ. ಅಷ್ಟರ ಮಟ್ಟಿಗೆ ಅದು ಪ್ಲಸ್."

"ಹಂಗಂದ್ರ ಸರಿ ರೀ," ಎಂದು ಜೈನಾಬಿ ಕೂತಳು. ಪುಸ್ತಕ ತೆರೆದು ಹಳೆಯ ಲೆಕ್ಕಗಳ ಮೈನಸ್ಸಿಗೆಲ್ಲ ನಡುವೆ ಮೇಲಿನಿಂದ ಕೆಳಗೆ ಒಂದೊಂದು ಗೆರೆ ಎಳೆಯತೊಡಗಿದಳು.

ಆಗ ಹಿಂದಿನ ಬೆಂಚಿನಿಂದ ಅಪ್ಪ ಎದ್ದು ಕೈ ಎತ್ತಿದರು. "ಸರ್, ನನಗೊಂದು ಸಂಶಯ ಅದ."

ಅಪ್ಪ ನನ್ನನ್ನು ಸರ್ ಅಂದರು. ಹುಡುಗರೆಲ್ಲ ತಿರುಗಿ ನೋಡಿದರು.

"ಹೇಳ್ರಿ," ಎಂದೆ.

"ಮೂರು ಮೈನಸ್ ಗುಣಿಸಿದ್ರ?"

ನಾನು ಉತ್ತರ ಹೇಳಲಿಲ್ಲ, ಜೈನಾಬಿಯತ್ತ ನೋಡಿದೆ. ಅವಳು ಹಿಂದಿನ ಬೆಂಚಿಗೆ ಹೋಗಿ, ಅಪ್ಪನ ಮುಂದೆ ಬೆಂಚಿನ ಮೇಲೆ ಬೆರಳು ಹಿಂದಕ್ಕೆ ನಡೆಸಿ, ಒಮ್ಮೆ ತಿರುಗಿಸಿ, ಇನ್ನೊಮ್ಮೆ ತಿರುಗಿಸಿ ತೋರಿಸಿದಳು. "ತಿಳೀತೇನ್ರೀ ಅಜ್ಜಾ?" ಅಪ್ಪ ತಲೆ ಆಡಿಸಿದರು.

ಸಾಲಿ ಬಿಟ್ಟ ಮೇಲೆ ಮಲ್ಕಪ್ಪನವರು ಅಪ್ಪನ ಪಕ್ಕದಲ್ಲಿ ನಡೆಯುತ್ತ ಮೆಲ್ಲಗೆ ಹೇಳಿದರು: "ಸರ್, ಜೈನಾಬಿ ಕೇಳಿದ ಪ್ರಶ್ನಿನೇ ನಾನೂ ನಿಮಗ ಕೇಳಿದ್ದೆ ರೀ."

"ಹೊಡೆದಿದ್ದೆನೇನು?"

"ಎರಡು."

ಅಪ್ಪ ನಿಂತರು. ತಮ್ಮ ಕೈಯಿಂದ ಮಲ್ಕಪ್ಪನವರ ಅಂಗೈ ಹಿಡಿದು ತಿರುಗಿಸಿ ನೋಡಿದರು, ಗುರುತು ಇನ್ನೂ ಇದೆಯೇನೋ ಎಂಬಂತೆ. ಆಮೇಲೆ ಇಬ್ಬರೂ ಬಹಳ ನಕ್ಕರು. ಮೆಹಬೂಬಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಜೀಪಿಗೆ ತಂದಿಟ್ಟಳು.

ಅಕ್ಟೋಬರ್ 17, ಗುರುವಾರ

ಇವತ್ತು ಎಂ.ಎಸ್ಸಿ. ಕ್ಲಾಸಿನಲ್ಲಿ ಪೋರ್ಶನ್ ಮುಗಿಯಲಿಲ್ಲ. ಒಂದು ಸಾಧನೆಯ ನಡುವೆ ಚಂದ್ರಶಾ ತಡೆದ. ಅವನಿಗೆ ಉತ್ತರ ಹೇಳಹೋಗಿ ನನಗೇ ಗಂಟು ಬಿತ್ತು. ಅವನೇ ಹಲಗೆಗೆ ಬಂದು ಬಿಡಿಸಲು ನೋಡಿದ, ಆಗಲಿಲ್ಲ, ಇನ್ನಿಬ್ಬರು ಬಂದರು. ಮುಂದಿನ ಕ್ಲಾಸಿನವರು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದರು. ನಾಳೆ ನೋಡೋಣ ಎಂದು ಬಿಟ್ಟೆ.

ಕಮಲಾಪುರದಿಂದ ಸುದ್ದಿ: ಅರ್ಧವಾರ್ಷಿಕದಲ್ಲಿ ಜೈನಾಬಿ ಗಣಿತಕ್ಕೆ ಮತ್ತೆ ಮೊದಲ ನಂಬರ್.

ನವೆಂಬರ್ 2, ಶನಿವಾರ

ತರಬೇತಿ ಮುಗಿಯಿತು. ಪ್ರಮಾಣಪತ್ರ ಕೊಟ್ಟರು, ಪೇಢೆ ಕೊಟ್ಟರು. ಮುಖ್ಯಸ್ಥರು ಬಂದಿದ್ದರು, ಪತ್ರಿಕೆ ನನ್ನ ಹತ್ತಿರವೇ ಇರುತ್ತದಂತೆ. ವಿದ್ಯಾರ್ಥಿಗಳೇ ಹೋಗಿ ಹೇಳಿದರಂತೆ. ಅನ್ನಮ್ಮನವರ ಮಗ ಬಂದಿದ್ದ. ವಿಡಿಯೋ ಗೇಮ್ ಆಡುವುದನ್ನು ನನಗೆ ಕಲಿಸಿದ. ಮೂರು ಸಲ ಸತ್ತೆ. ಬಹಳ ಕಠಿಣ ಇದೆ.

ನವೆಂಬರ್ 16, ಶನಿವಾರ

ದೀಪಾವಳಿ ಸೂಟಿ ಮುಗಿದು ಸಾಲಿ ತೆರೆದಾವ. ತರಬೇತಿ ಇಲ್ಲದ ಶನಿವಾರ, ಬಿಸಿಲು ಬರೂ ತನಕ ಮಲಗಬೇಕಂತ ಮಾಡಿದ್ದೆ. ಎದ್ದು ನೋಡಿದರೆ ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಾರ.

"ಎಲ್ಲಿಗೆ, ಅಪ್ಪಾ?"

"ಕಮಲಾಪುರಕ್ಕ. ಮಲ್ಕಪ್ಪ ಚಿಠ್ಠಿ ಕಳಸ್ಯಾನ. ಸೊನ್ನಿಲೆ ಯಾಕ ಭಾಗಸಬಾರದು ಅಂತ ಜೈನಾಬಿ ಕೇಳ್ಯಾಳಂತ."

"ತರಬೇತಿ ಮುಗೀತಲ್ಲ."

"ನಿಂದು ಮುಗೀತು," ಎಂದರು. "ನಂದೆಲ್ಲಿ ಶುರು ಆಗಿತ್ತು?"

ಮುಖ ತೊಳೆದು ಹೊಂಟೆ. ಬಸ್ಸಿನಲ್ಲಿ ಏನು ಹೇಳೋಣ ಎಂದು ನಾನು ಕೇಳಲಿಲ್ಲ, ಅವರೂ ಕೇಳಲಿಲ್ಲ. ಹಾದಿ ತುಂಬ ಜೋಳದ ಹೊಲ ನೋಡಿದೆವು.

ಕ್ಲಾಸಿನಲ್ಲಿ ನಾನು ಹಿಂದಿನ ಬೆಂಚಿಗೆ ಹೋಗಿ ಕೂತೆ. ಅಪ್ಪ ಖಡು ಹಿಡಿದು ಹಲಗೆಯ ಮುಂದೆ ನಿಂತರು, ನಿವೃತ್ತರಾದ ಏಳು ವರ್ಷದ ಮೇಲೆ. ಜೈನಾಬಿ ಎದ್ದು ತನ್ನ ಪ್ರಶ್ನೆ ಕೇಳಿದಳು. ಮಲ್ಕಪ್ಪನವರು ಬಾಗಿಲಲ್ಲಿ ನಿಂತಿದ್ದರು. ಅಪ್ಪ ಹಲಗೆಯತ್ತ ತಿರುಗಿ, ಮತ್ತೆ ಅವಳತ್ತ ತಿರುಗಿದರು.

"ನನಗ ಗೊತ್ತಿಲ್ಲವ್ವಾ," ಎಂದರು. ಕ್ಲಾಸಿಡೀ ಒಮ್ಮೆ ನೋಡಿದರು, ಯಾರೂ ನಗಲಿಲ್ಲ. ಅಪ್ಪನ ಭುಜ ಮೆಲ್ಲಗೆ ಇಳಿಯಿತು. ಖಡು ಅವಳ ಕಡೆ ಚಾಚಿದರು. "ನೀ ಏನಂತಿ, ಬಾ ಹೇಳು."

ಸಂಜೆ ಮನೆಗೆ ಬಂದಾಗ ಆಯಿ ಬಾಗಿಲಲ್ಲೇ ಕೇಳಿದಳು, ಪಾಠ ಆತೇನು ಅಂತ.

"ಎಲ್ಲಿ ಆಗ್ತದ," ಅಂದರು ಅಪ್ಪ, ಕಾಲು ತೊಳೆಯುತ್ತ. ಇಷ್ಟು ಖುಷಿಯಿಂದ ಅವರು ಮಾತಾಡಿದ್ದನ್ನು ನಾ ಕೇಳಿರಲಿಲ್ಲ.